ಮಿಸೆಸ್ ಆಂಡ್ರೂಸ್‌ಗೆ ಒಂದು ನೀಲಿ ಲಂಗ: ಗೇನ್ಸ್‌ಬರೋ ನಕಲು ಕೆಲಸದ ಟಿಪ್ಪಣಿ

ಹದಿನೆಂಟನೇ ಶತಮಾನದ ಇಂಗ್ಲಿಷ್ ಚಿತ್ರಕಾರ ಥಾಮಸ್ ಗೇನ್ಸ್‌ಬರೋ ಬರೆದ ‘ಮಿಸ್ಟರ್ ಅಂಡ್ ಮಿಸೆಸ್ ಆಂಡ್ರೂಸ್’ ಚಿತ್ರದ ಎಡಭಾಗವನ್ನು ಮೂಲದ ಅಳತೆಯಲ್ಲೇ ನಕಲು ಮಾಡುತ್ತಿದ್ದೇನೆ. ಬೆಂಚು, ಹೆಂಡತಿ, ಅವಳ ನೀಲಿ ಲಂಗ ಮುಗಿದಿವೆ. ಗಂಡ ಬಾಕಿ. ನಡುವೆ ಬೊಂಬೆ ಮಾಡುವ ಕೆಲಸವೊಂದು ಸೇರಿಕೊಂಡಿತು. ಬಣ್ಣ ಹಚ್ಚಿದ್ದಕ್ಕಿಂತ ಅದಕ್ಕೇ ಜಾಸ್ತಿ ಹೊತ್ತು ಹೋಯಿತು. ಆ ಕಾಲದ ಇಂಗ್ಲಿಷ್ ಭಾವಚಿತ್ರಗಳನ್ನು ನಕಲು ಮಾಡಲು ಹೊರಟವರಿಗೆ ಉಪಯೋಗವಾಗಲಿ ಅಂತ ಬರೆದಿಡುತ್ತಿದ್ದೇನೆ.

ಚಿತ್ರದ ಬಗ್ಗೆ ಬೇಕಾದಷ್ಟು ಮಾತ್ರ ಹೇಳುತ್ತೇನೆ. ಸುಮಾರು 1750ರದ್ದು. ಆಗ ಗೇನ್ಸ್‌ಬರೋಗೆ ಇಪ್ಪತ್ತಮೂರರ ಆಸುಪಾಸು. ಊರು ಇಂಗ್ಲೆಂಡಿನ ಸಫೊಕ್ ಸೀಮೆಯ ಸಡ್‌ಬರಿ. ಅಪ್ಪ ಉಣ್ಣೆ ಬಟ್ಟೆಯ ಕಸುಬಿನವನು. ರಾಬರ್ಟ್ ಆಂಡ್ರೂಸ್ ಜಮೀನುದಾರ. ಫ್ರಾನ್ಸಿಸ್ ಕಾರ್ಟರ್ ಅವನನ್ನು 1748ರ ನವೆಂಬರ್‌ನಲ್ಲಿ ಮದುವೆಯಾದಾಗ ಅವಳಿಗೆ ಹದಿನಾರು. ಚಿತ್ರ 1960ರವರೆಗೆ ಅವರ ವಂಶದವರ ಬಳಿಯೇ ಇತ್ತು. ಆ ವರ್ಷ ಲಂಡನ್ನಿನ ನ್ಯಾಷನಲ್ ಗ್ಯಾಲರಿ ಕೊಂಡುಕೊಂಡಿತು.

ಹಂತ 1: ಅಳತೆ, ಪ್ರಿಂಟ್

ಮೂಲ 69.8 ಸೆಂ.ಮೀ. ಎತ್ತರ, 119.4 ಸೆಂ.ಮೀ. ಅಗಲ. ಗಂಡ ಹೆಂಡತಿ ಇಬ್ಬರೂ ಎಡಗಡೆ. ಉಳಿದ ಅರ್ಧಕ್ಕಿಂತ ಜಾಸ್ತಿ ಜಾಗ ಬರೀ ಹೊಲ. ಹೊಲವೂ ಅವರದ್ದೇ, ಹಾಗಾಗಿ ಅದಕ್ಕೂ ಭಾವಚಿತ್ರದ ಮರ್ಯಾದೆ ಸಿಕ್ಕಿದೆ. ನನಗೆ ಬೇಕಾಗಿದ್ದದ್ದು ಎಡಭಾಗ ಮಾತ್ರ. 20×24 ಇಂಚಿನ ರೆಡಿಮೇಡ್ ಕ್ಯಾನ್ವಾಸನ್ನು ಉದ್ದಕ್ಕೆ ನಿಲ್ಲಿಸಿದರೆ ಅಷ್ಟು ಹಿಡಿಯುತ್ತದೆ. ಮರದ ಮೇಲ್ಭಾಗ ಸ್ವಲ್ಪ ಕತ್ತರಿಸಿ ಹೋಗುತ್ತದೆ, ಹೋಗಲಿ.

ಗ್ಯಾಲರಿಯವರು ಹಾಕಿರುವ ದೊಡ್ಡ ಫೋಟೋವನ್ನು ಮೊದಲು ಫ್ಲೆಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದೆ. 120 ರೂಪಾಯಿ, ಅಗ್ಗ. ಲಂಗ ನೇರಳೆ ಬಣ್ಣಕ್ಕೆ ತಿರುಗಿ ಬಂತು. ಅಂಗಡಿಯ ಹುಡುಗ “ಬ್ಯಾನರ್‌ಗೆ ಇಷ್ಟು ಸಾಕು ಸಾರ್” ಅಂದ. ಅವನ ತಪ್ಪೇನಿಲ್ಲ. ಎರಡನೇ ಸಲ ಫೋಟೋ ಸ್ಟುಡಿಯೋದಲ್ಲಿ ಮ್ಯಾಟ್ ಪೇಪರ್ ಮೇಲೆ ಹಾಕಿಸಿದೆ, 350 ರೂಪಾಯಿ. ಅದರಲ್ಲೂ ಬಣ್ಣವನ್ನು ಪೂರ್ತಿ ನಂಬಲಿಲ್ಲ. ಪ್ರಿಂಟ್ ರೇಖೆಗೆ, ಬಣ್ಣಕ್ಕೆ ಮಾನಿಟರ್ ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳುವುದು ವಾಸಿ.

ಹಂತ 2: ನೆಲಬಣ್ಣ

ನೆಲಬಣ್ಣ ಅಂದರೆ ಚಿತ್ರ ಬರೆಯುವ ಮೊದಲು ಇಡೀ ಕ್ಯಾನ್ವಾಸಿಗೆ ಹಚ್ಚುವ ಬಣ್ಣ. ರೆಡಿಮೇಡ್ ಕ್ಯಾನ್ವಾಸ್ ಬೆಳ್ಳಗಿರುತ್ತದೆ. ಈ ಚಿತ್ರಕ್ಕೆ ಅದು ಆಗುವುದಿಲ್ಲ. ಕಾರಣ ಫ್ರಾನ್ಸಿಸ್‌ಳ ಮಡಿಲು. ಅಲ್ಲಿ ಗೇನ್ಸ್‌ಬರೋ ಒಂದು ತುಂಡು ಜಾಗವನ್ನು ಬರೆಯದೇ ಬಿಟ್ಟಿದ್ದಾನೆ. ಕಂದು ಬಣ್ಣದ ತೇಪೆ ಹಾಗೇ ಕಾಣುತ್ತದೆ. ಗಂಡ ಹೊಡೆದು ತಂದ ಹಕ್ಕಿ ಅಲ್ಲಿರಬೇಕಿತ್ತು ಅಂತ ಕೆಲವರು, ಮುಂದೆ ಹುಟ್ಟುವ ಮಗುವಿಗೆ ಕಾದಿಟ್ಟ ಜಾಗ ಅಂತ ಕೆಲವರು ಹೇಳುತ್ತಾರೆ. ನಕಲು ಮಾಡುವವನಿಗೆ ಅದು ಬೇರೆ ತರದ ತಲೆನೋವು. ಖಾಲಿ ಜಾಗವನ್ನು ಕೊನೆಯಲ್ಲಿ ಬರೆಯಲು ಆಗುವುದಿಲ್ಲ. ಮೊದಲೇ ಸರಿಯಾದ ಬಣ್ಣದಲ್ಲಿ ಹಾಕಿಟ್ಟು ಕಾಪಾಡಿಕೊಳ್ಳಬೇಕು.

ಯೆಲ್ಲೋ ಓಕರ್ (ಮಣ್ಣಿನ ಹಳದಿ) ಎರಡು ಪಾಲು, ಬರ್ನ್ಟ್ ಅಂಬರ್ (ಗಾಢ ಕಂದು) ಒಂದು ಪಾಲು, ಬಿಳಿ ಒಂದು ಪಾಲು. ಟರ್ಪೆಂಟೈನ್‌ನಲ್ಲಿ ತೆಳ್ಳಗೆ ಮಾಡಿ ಹಳೆ ಬನಿಯನ್ ಬಟ್ಟೆಯಿಂದ ಒರೆಸಿದೆ. ಬ್ರಷ್‌ಗಿಂತ ಬಟ್ಟೆಯಲ್ಲೇ ಸಮನಾಗಿ ಕೂರುತ್ತದೆ. ಮಳೆಗಾಲವಾದ್ದರಿಂದ ಒಣಗಲು ವಾರ ಹಿಡಿಯಿತು. ಈ ಮಿಶ್ರಣವನ್ನು ಒಂದು ಸಣ್ಣ ಡಬ್ಬಿಯಲ್ಲಿ ಎತ್ತಿಡಿ. ನಾನು ಇಡಲಿಲ್ಲ. ಅದರ ಕತೆ ಹಂತ 7ರಲ್ಲಿ ಬರುತ್ತದೆ.

ಹಂತ 3: ರೇಖೆ, ಮತ್ತು ಅಲ್ಲೇ ನಿಂತ ಕೆಲಸ

ಪ್ರಿಂಟ್ ಮೇಲೆ 5 ಸೆಂ.ಮೀ. ಚೌಕಗಳನ್ನು ಎಳೆದು, ಅದೇ ಚೌಕಗಳನ್ನು ಚಾಕ್‌ನಲ್ಲಿ ಕ್ಯಾನ್ವಾಸ್ ಮೇಲೆ ಎಳೆದೆ. ಮುಖ, ಟೋಪಿ, ಬೆಂಚಿನ ಬಳುಕಿದ ಕಾಲು ಸುಲಭವಾಗಿ ಬಂದವು. ಲಂಗದಲ್ಲಿ ಸಿಕ್ಕಿಬಿದ್ದೆ. ಪ್ರಿಂಟ್ ನೋಡಿ ಒಂದೊಂದೇ ಚೌಕ ತುಂಬಿಸುತ್ತಾ ಹೋದರೆ ಪ್ರತಿ ಚೌಕವೂ ಸರಿ, ಒಟ್ಟಿನಲ್ಲಿ ಬಟ್ಟೆ ತಪ್ಪು. ಯಾವ ನೆರಿಗೆ ಯಾವುದರ ಅಡಿಗೆ ಹೋಗುತ್ತದೆ, ಸೊಂಟದ ಹತ್ತಿರ ಉಬ್ಬಿರುವುದು ಬಟ್ಟೆಯೋ, ಲಂಗ ಅಗಲವಾಗಿ ನಿಲ್ಲಲೆಂದು ಒಳಗೆ ಹಾಕುತ್ತಿದ್ದ ಬಳೆಯೋ, ಒಂದೂ ಗೊತ್ತಾಗಲಿಲ್ಲ. ಗೊತ್ತಿಲ್ಲದೇ ಎಳೆದ ಗೆರೆ ನೋಡಿದ ತಕ್ಷಣ ಕಾಣುತ್ತದೆ.

ಆ ಕಾಲದ ಚಿತ್ರಕಾರರಿಗೂ ಬಟ್ಟೆಯೇ ದೊಡ್ಡ ಕೆಲಸ. ದೊಡ್ಡ ಮನೆಯ ಹೆಂಗಸರು ಮುಖಕ್ಕೆ ಬೇಕಾದಷ್ಟು ಹೊತ್ತು ಬಂದು ಕೂರುತ್ತಿದ್ದರು, ರೇಷ್ಮೆಯ ಒಂದೊಂದು ನೆರಿಗೆಗೂ ಅಲ್ಲ. ಲಂಡನ್ನಿನಲ್ಲಿ ಥಾಮಸ್ ಹಡ್ಸನ್, ಆಲನ್ ರಾಮ್ಸೆ ಅಂಥವರು ಮುಖ ಬರೆದು ಕ್ಯಾನ್ವಾಸನ್ನು ಜೋಸೆಫ್ ವ್ಯಾನ್ ಏಕನ್‌ಗೆ ಕಳಿಸುತ್ತಿದ್ದರು. 1749ರಲ್ಲಿ ಸಾಯುವವರೆಗೆ ಅವನ ಕಸುಬು ಅದೇ: ಬೇರೆಯವರ ಚಿತ್ರಗಳಿಗೆ ರೇಷ್ಮೆ, ಲೇಸು, ಮಕಮಲ್ಲು ತೊಡಿಸುವುದು. ಇನ್ನೊಬ್ಬ ಹೆಸರಾಂತ ಭಾವಚಿತ್ರಕಾರ ಜೋಷುವಾ ರೆನಾಲ್ಡ್ಸ್ ಬಟ್ಟೆಯ ಕೆಲಸವನ್ನು ಪೀಟರ್ ಟಾಮ್ಸ್ ಅನ್ನುವವನ ಕೈಲಿ ಮಾಡಿಸುತ್ತಿದ್ದ. ಗೇನ್ಸ್‌ಬರೋ ಮಾತ್ರ ಬಟ್ಟೆಯನ್ನೂ ತಾನೇ ಬರೆಯುವ ಪೈಕಿ. ಮನೆಮಂದಿ, ಕುರ್ಚಿ, ನಾಯಿ ಸಮೇತ ಸಣ್ಣ ಅಳತೆಯಲ್ಲಿ ಬರೆಯುವವರು ಬೊಂಬೆಗೆ ಬಟ್ಟೆ ತೊಡಿಸಿ ಎದುರಿಗಿಟ್ಟುಕೊಳ್ಳುತ್ತಿದ್ದರು. ಪ್ರೆಸ್ಟನ್ ಊರಿನ ಆರ್ಥರ್ ಡೆವಿಸ್ ಇದಕ್ಕೇ ಹೆಸರುವಾಸಿ. ಅವನ ಚಿತ್ರಗಳಲ್ಲಿ ಜನರೂ ಕೊಂಚ ಬೊಂಬೆಗಳೇ.

ಸರಿ, ನಾನೂ ಒಂದು ಬೊಂಬೆ ಮಾಡೋಣ ಅಂತ ಹೊರಟೆ.

ಹಂತ 4: ಬೊಂಬೆ

ಆರ್ಟ್ ಅಂಗಡಿಯಲ್ಲಿ ಸಿಗುವ 12 ಇಂಚಿನ ಮರದ ಮ್ಯಾನಿಕಿನ್ (ಕೀಲುಗಳಿರುವ ಬೊಂಬೆ) ತಂದೆ, 550 ರೂಪಾಯಿ. ಅದು ನಿಲ್ಲುತ್ತದೆ, ಕೈ ಎತ್ತುತ್ತದೆ, ಕೂರುವುದಿಲ್ಲ. ಸೊಂಟದ ಕೀಲು ಪೂರ್ತಿ ಮಡಚುವುದಿಲ್ಲ. ಬಲವಂತ ಮಾಡಿದರೆ ಹಿಂದಕ್ಕೆ ಉರುಳುತ್ತದೆ. ಲಂಗದ ಭಾರ ಬಿದ್ದ ಮೇಲೆ ಕೇಳುವುದೇ ಬೇಡ. ದುಡ್ಡು ದಂಡ. ತಲೆಯನ್ನು ಮಾತ್ರ ಬಿಚ್ಚಿಕೊಂಡೆ.

ಮೈಯನ್ನು ತಂತಿಯಲ್ಲಿ ಮಾಡಿದೆ. 3 ಮಿ.ಮೀ. ಅಲ್ಯುಮಿನಿಯಂ ತಂತಿ ಬೆನ್ನಿಗೆ ಮತ್ತು ಕಾಲಿಗೆ, 1.5 ಮಿ.ಮೀ. ಕೈಗೆ. ಬೆನ್ನಿಗೆ ಎರಡೆಳೆ ಹೊಸೆದು ಹಾಕಬೇಕು, ಒಂದೇ ಎಳೆ ಬಾಗುತ್ತದೆ. ತಲೆಯಿಂದ ಹಿಮ್ಮಡಿಗೆ 32 ಸೆಂ.ಮೀ. ಮೇಲೆ ಹತ್ತಿ ಸುತ್ತಿ, ಕ್ರೇಪ್ ಬ್ಯಾಂಡೇಜ್ ಬಿಗಿದು, ಸೂಜಿ ದಾರದಲ್ಲಿ ಹೊಲಿದೆ. ಸೊಂಟ ಸಣ್ಣಗೆ ಬರಲಿ ಅಂತ ಅಲ್ಲಿ ಹತ್ತಿ ಹಾಕಲೇ ಇಲ್ಲ. ಎದೆಯ ಸುತ್ತ ಹಳೆ ಕ್ಯಾಲೆಂಡರಿನ ದಪ್ಪ ರಟ್ಟನ್ನು ಮೊಳೆಯಾಕಾರಕ್ಕೆ, ಅಂದರೆ ಮೇಲೆ ಅಗಲ, ಕೆಳಗೆ ಕಿರಿದಾಗಿ ಕತ್ತರಿಸಿ ಸುತ್ತಿದೆ. ಇದು ಕಾರ್ಸೆಟ್‌ನ ಜಾಗಕ್ಕೆ. ಆಗಿನ ಹೆಂಗಸರ ಒಳಕುಪ್ಪಸದಲ್ಲಿ ತಿಮಿಂಗಿಲದ ಬಾಯಿಂದ ತೆಗೆದ ಗಟ್ಟಿ ಪಟ್ಟಿಗಳನ್ನು ಸಾಲಾಗಿ ಹೊಲಿದಿರುತ್ತಿದ್ದರು. ಮೈಯ ಆಕಾರ ಮೈಯದಲ್ಲ, ಆ ಪಟ್ಟಿಗಳದ್ದು.

ಲಂಗದೊಳಗಿನ ಬಳೆಗೆ ಮೊದಲು ಬೈಂಡಿಂಗ್ ವೈರ್ ಹಾಕಿದೆ. ಕೂರಿಸಿದ ಕೂಡಲೇ ಸೊಟ್ಟಗಾಯಿತು, ಮತ್ತೆ ನೆಟ್ಟಗಾಗಲಿಲ್ಲ. ಆಮೇಲೆ ಕುರ್ಚಿ ಹೆಣೆಯುವ ಬೆತ್ತದ ಸೀಳು ತಂದೆ, 60 ರೂಪಾಯಿಗೆ ಒಂದು ಸುರುಳಿ. ನೀರಲ್ಲಿ ನೆನೆಸಿ ಅಗಲಕ್ಕೆ ಉದ್ದವಾದ ಮೂರು ಬಳೆ ಮಾಡಿದೆ. ಸೊಂಟದ ಹತ್ತಿರದ್ದು 14 ಸೆಂ.ಮೀ., ನಡುವಿನದು 20, ಕೆಳಗಿನದು 25. ಮೂರನ್ನೂ ನಾಲ್ಕು ಕಡೆ ಟೇಪಿನಿಂದ ನೇತುಹಾಕಿದೆ. ಬೆತ್ತ ಒತ್ತಿದರೆ ಬಾಗುತ್ತದೆ, ಬಿಟ್ಟರೆ ಮೇಲೇಳುತ್ತದೆ. ಬೊಂಬೆಯನ್ನು ಬೆಂಚಿನ ಮೇಲೆ ಕೂರಿಸಿದಾಗ ಎರಡೂ ಪಕ್ಕ ಬಳೆ ಮೇಲಕ್ಕೆದ್ದು, ಮುಂದೆ ಚಪ್ಪಟೆಯಾಯಿತು. ಪ್ರಿಂಟ್ ತಂದು ಪಕ್ಕದಲ್ಲಿಟ್ಟು ನೋಡಿದೆ. ಸೊಂಟದ ಉಬ್ಬು ಅದೇ! ಹಂತ 3ರಲ್ಲಿ ನನ್ನನ್ನು ನಿಲ್ಲಿಸಿದ ಗೆರೆ ಬಟ್ಟೆಯದ್ದಲ್ಲ, ಬಳೆಯದ್ದು.

ಹಂತ 5: ಬಟ್ಟೆ

ಇಲ್ಲಿ ಮೂರು ಬಟ್ಟೆ ಬದಲಾದವು.

ಮೊದಲನೆಯದು ತಿಳಿನೀಲಿ ರಾ ಸಿಲ್ಕ್ ಬ್ಲೌಸ್ ಪೀಸ್. ಬೀದಿ ಕೊನೆಯ ಟೈಲರ್ ಹತ್ತಿರ ಹೋದೆ.

“ದಸರಾ ಬೊಂಬೆಗಾ ಸಾರ್?”

“ಅಲ್ಲ, ಇಂಗ್ಲೆಂಡಿನ ಹೆಂಗಸಿಗೆ.”

“ಹಂಗಾದ್ರೆ ಫಾಲ್ ಬೇಡ ಬಿಡಿ” ಅಂತ ನಕ್ಕು, 150 ರೂಪಾಯಿಗೆ ನೆರಿಗೆ ಹಿಡಿದು ಹೊಲಿದುಕೊಟ್ಟರು. ಹೊಲಿಗೆ ಚೆನ್ನಾಗಿತ್ತು. ಬೊಂಬೆಗೆ ಉಡಿಸಿದರೆ ಲಂಗ ಕೊಡೆ ಬಿಚ್ಚಿಟ್ಟ ಹಾಗೆ ನಿಂತುಬಿಟ್ಟಿತು. ಮೈ ಐದು ಪಟ್ಟು ಚಿಕ್ಕದಾಯಿತು, ಬಟ್ಟೆಯ ದಪ್ಪ ಚಿಕ್ಕದಾಗಲಿಲ್ಲ. ನೂರು ನೆರಿಗೆ ಬೀಳಬೇಕಾದ ಕಡೆ ನಾಲ್ಕೈದು ದೊಡ್ಡ ಮಡಿಕೆ. ಡೆವಿಸ್‌ನ ಕೆಲವು ಚಿತ್ರಗಳಲ್ಲಿ ರೇಷ್ಮೆ ಯಾಕೆ ತಗಡಿನಂತೆ ಕಾಣುತ್ತದೆ ಅಂತ ನನಗೆ ಮೊದಲಿಂದ ಅನುಮಾನ ಇತ್ತು. ಅವನ ಬೊಂಬೆಗೂ ಇದೇ ಗತಿ ಆಗಿರಬೇಕು.

ಎರಡನೆಯದು ಅಮ್ಮನ ಹಳೆ ಮೈಸೂರು ಸಿಲ್ಕ್ ಸೀರೆಯ ಹರಿದ ತುದಿ. ಅದು ಕ್ರೇಪ್. ಮೈಗೆ ಅಂಟಿಕೊಂಡು ಮೆತ್ತಗೆ ಇಳಿಯುತ್ತದೆ. ಸೀರೆಗೆ ಅದೇ ಚೆಂದ, ಇಲ್ಲಿ ಬೇಕಾಗಿದ್ದದ್ದು ಚೂಪಾದ ಮುರಿವು. ಫ್ರಾನ್ಸಿಸ್‌ಳ ಲಂಗದಲ್ಲಿ ಹೊಳಪು ಮಡಿಕೆಯ ಅಂಚಿನಲ್ಲಿ ತಟಕ್ಕನೆ ತಿರುಗುತ್ತದೆ. ಕ್ರೇಪ್‌ನಲ್ಲಿ ಅದು ಬರಲೇ ಇಲ್ಲ.

ಮೂರನೆಯದು ತೀರಾ ತೆಳು ಸ್ಯಾಟಿನ್ ಲೈನಿಂಗ್, ಮೀಟರಿಗೆ 90 ರೂಪಾಯಿ. ಒಂದು ಲೋಟ ಅನ್ನದ ಗಂಜಿಗೆ ಎರಡು ಲೋಟ ನೀರು ಬೆರೆಸಿ, ಸೋಸಿ, ಬಟ್ಟೆ ಅದ್ದಿ ಹಿಂಡಿದೆ. ಅರ್ಧ ಒಣಗಿದಾಗ ಬೊಂಬೆಗೆ ಉಡಿಸಿ, ನೆರಿಗೆಗಳನ್ನು ಪೆನ್ಸಿಲ್ ತುದಿಯಿಂದ ಒತ್ತಿ ಕೂರಿಸಿ, ಗುಂಡುಸೂಜಿ ಚುಚ್ಚಿ ಬಿಟ್ಟೆ. ಬೆಳಿಗ್ಗೆ ಹೊತ್ತಿಗೆ ಗರಿಗರಿ. ಸೂಜಿ ತೆಗೆದರೂ ಮಡಿಕೆ ಅಲುಗಲಿಲ್ಲ. ಗಂಜಿ ಇನ್ನೂ ಗಟ್ಟಿ ಮಾಡಿದರೆ ಬಿಳಿ ಪುಡಿ ನಿಲ್ಲುತ್ತದೆ, ಹೊಳಪು ಸಾಯುತ್ತದೆ. ಹಾಗೆ ಒಂದು ತುಂಡು ಹಾಳಾಯಿತು. ಇರುವೆ ಬರದಂತೆ ಬೆಂಚಿನ ಕಾಲಿನ ಸುತ್ತ ಅರಿಶಿನ ಹಾಕಿದ್ದೆ. ಆದರೂ ಬಂದವು.

ಹಂತ 6: ಕೂರುವ ರೀತಿ

ಬಟ್ಟೆ ಸರಿಯಾದ ಮೇಲೂ ಭುಜ ಸರಿ ಕಾಣುತ್ತಿರಲಿಲ್ಲ. ತಂಗಿಯನ್ನು ಕರೆದು, ಬೆನ್ನಿಗೆರಡು ಮರದ ಸ್ಕೇಲ್ ಇಟ್ಟು, ದುಪಟ್ಟಾದಿಂದ ಬಿಗಿದು, ಸ್ಟೂಲಿನ ಮೇಲೆ ಕೂರಿಸಿದೆ. ಪಾದದ ಹತ್ತಿರ ಕಾಲು ಒಂದರ ಮೇಲೊಂದು, ಕೈ ಮಡಿಲಲ್ಲಿ. ಸ್ವಲ್ಪ ಹೊತ್ತಿಗೇ ಶುರುವಾಯಿತು: “ಅಣ್ಣಾ, ಇದನ್ನ ಬಿಚ್ತೀಯೋ ಇಲ್ಲಾ ನಿನ್ ಚಿತ್ರಾನೇ ಹರೀಲೋ?”

ಬಿಚ್ಚುವ ಮೊದಲು ನೋಡಿಕೊಂಡದ್ದು ಇಷ್ಟು. ಬೆನ್ನು ಒರಗುವುದಿಲ್ಲ. ಬೆಂಚಿಗೆ ಒರಗುಪಟ್ಟಿ ಇದ್ದರೂ ಇಲ್ಲದಿದ್ದರೂ ಒಂದೇ. ಭುಜಗಳು ಹಿಂದಕ್ಕೂ ಕೆಳಕ್ಕೂ ಹೋಗುತ್ತವೆ. ಅದರಿಂದ ಕುತ್ತಿಗೆ ಉದ್ದ ಕಾಣುತ್ತದೆ. ನಾನು ಭುಜದ ಗೆರೆಯನ್ನು 6 ಮಿ.ಮೀ. ಮೇಲೆ ಹಾಕಿದ್ದೆ, ಕೆಳಗಿಳಿಸಿದೆ. ಅಷ್ಟರಲ್ಲೇ ಫ್ರಾನ್ಸಿಸ್ ಫ್ರಾನ್ಸಿಸ್ ಆದಳು. ಮುಖಕ್ಕೆ ಕೈ ಹಾಕಿರಲೂ ಇಲ್ಲ.

ರಾಬರ್ಟ್‌ನನ್ನು ನೋಡಿ. ಬೆಂಚಿಗೆ ಮೊಣಕೈ ಊರಿ, ಜೇಬಲ್ಲಿ ಕೈ ಇಟ್ಟು, ಕಾಲು ಅಡ್ಡ ಹಾಕಿ, ಕಂಕುಳಲ್ಲಿ ಬಂದೂಕು ಸಿಕ್ಕಿಸಿ ಆರಾಮಾಗಿ ನಿಂತಿದ್ದಾನೆ. ಆ ಆರಾಮವೂ ಕಲಿತದ್ದೇ. ನೃತ್ಯದ ಮೇಷ್ಟ್ರು ಫ್ರಾಂಸ್ವಾ ನಿವೆಲಾನ್ 1737ರಲ್ಲಿ ಲಂಡನ್ನಿನಲ್ಲಿ ಒಂದು ಪುಸ್ತಕವನ್ನೇ ಹೊರತಂದಿದ್ದ: ಹೇಗೆ ನಿಲ್ಲಬೇಕು, ಹೇಗೆ ನಡೆಯಬೇಕು, ಟೋಪಿ ಹೇಗೆ ತೆಗೆಯಬೇಕು, ಎಲ್ಲಕ್ಕೂ ಚಿತ್ರ ಸಮೇತ. ಆ ಕಾಲದ ಗಂಡಸರ ಚಿತ್ರಗಳಲ್ಲಿ ವೇಸ್ಟ್‌ಕೋಟಿನ ಗುಂಡಿ ನಡುವೆ ಕೈ ತೂರಿಸಿ ನಿಲ್ಲುವ ಭಂಗಿ ಮತ್ತೆ ಮತ್ತೆ ಬರುತ್ತದೆ. ಅದೂ ಇಂಥದ್ದೇ ಪಾಠ. ಗಂಡಸು ಕಲಿತ ಮೇಲೆ ಸಡಿಲವಾಗಿ ನಿಲ್ಲಬಹುದು, ಹೆಂಗಸು ಕಲಿತ ಮೇಲೂ ಸೆಟೆದೇ ಕೂರಬೇಕು. ಬೊಂಬೆಯ ತಂತಿ ಬಗ್ಗಿಸುವಾಗ ಇದು ಕೈಗೇ ತಿಳಿಯುತ್ತದೆ.

ಹಂತ 7: ನೀಲಿ

ಪ್ರಶ್ಯನ್ ಬ್ಲೂ ಹದಿನೆಂಟನೇ ಶತಮಾನದ ಮೊದಲಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಬಣ್ಣ. ಕಲ್ಲಿನಿಂದ ತೆಗೆಯುವ ಅಲ್ಟ್ರಾಮರೀನ್‌ಗಿಂತ ಎಷ್ಟೋ ಅಗ್ಗವಾದ್ದರಿಂದ ಬೇಗ ಎಲ್ಲರ ಪ್ಯಾಲೆಟ್ಟಿಗೂ ಬಂತು. ನಾನೂ ಅದನ್ನೇ ಆರಿಸಿದೆ.

ಇದರ ಬಲ ಗೊತ್ತಿಲ್ಲದೇ ಟ್ಯೂಬ್ ಒತ್ತಬೇಡಿ. ಬಿಳಿಯಷ್ಟೇ ನೀಲಿ ಹಾಕಿ ಕಲಸಿದೆ, ಕಪ್ಪೇ ಬಂತು. ಬಿಳಿ ಸೇರಿಸುತ್ತಾ ಹೋದೆ. ಅರ್ಧ ಟ್ಯೂಬ್ ಬಿಳಿ ಖಾಲಿಯಾದರೂ ಶಾಯಿ ಬಣ್ಣ. ಬ್ರಷ್, ಬಟ್ಟೆ, ನಲ್ಲಿ ತಿರುಪು, ಬಾಗಿಲ ಚಿಲಕ ಎಲ್ಲ ನೀಲಿ. ಕೊನೆಗೆ ಸರಿ ಹೊಂದಿದ ಅಳತೆ: ನೆಲ್ಲಿಕಾಯಿ ಗಾತ್ರದ ಬಿಳಿಗೆ ಸಾಸಿವೆ ಕಾಳಿನಷ್ಟು ನೀಲಿ, ಜೊತೆಗೆ ಚಿಟಿಕೆ ರಾ ಅಂಬರ್. ಅಂಬರ್ ಇಲ್ಲದಿದ್ದರೆ ಸ್ಕೂಲ್ ಯೂನಿಫಾರಂ ನೀಲಿ ಬರುತ್ತದೆ.

ಇನ್ನೊಂದು ತೊಡಕು ಬಿಳಿಯದ್ದು. ಆ ಕಾಲದವರು ಬಳಸಿದ್ದು ಸೀಸದ ಬಿಳಿ. ಅದು ವಿಷ, ಮನೆಯಲ್ಲಿ ಬೇಡ ಅಂತ ಟೈಟೇನಿಯಂ ಬಿಳಿ ಹಿಡಿದೆ. ಟೈಟೇನಿಯಂ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಅಡಿಯ ಕಂದು ನೆಲ ಇಣುಕುವುದೇ ಇಲ್ಲ, ಸುಣ್ಣ ಹೊಡೆದ ಗೋಡೆಯ ತಣ್ಣನೆ ಬೆಳಕು ಬರುತ್ತದೆ. ಜಿಂಕ್ ಬಿಳಿ ಅರ್ಧ ಬೆರೆಸಿದ ಮೇಲೆ ಸ್ವಲ್ಪ ಸುಧಾರಿಸಿತು. ಜಿಂಕ್ ಜಾಸ್ತಿಯಾದರೆ ಮುಂದೆ ಬಿರುಕು ಬಿಡುತ್ತದೆ ಅನ್ನುತ್ತಾರೆ, ಅದಕ್ಕೇ ಲಂಗದ ಮೇಲಿನ ಪದರಕ್ಕೆ ಮಾತ್ರ.

ಕ್ರಮ ಹೀಗೆ. ಮೊದಲು ನಡು ನೀಲಿ ಇಡೀ ಲಂಗಕ್ಕೆ ತೆಳ್ಳಗೆ. ಒಣಗಿದ ಮೇಲೆ ಮಡಿಕೆಯ ಒಳಭಾಗಕ್ಕೆ ಅಂಬರ್ ಬೆರೆಸಿದ ಗಾಢ ನೀಲಿ, ಎಣ್ಣೆ ಸ್ವಲ್ಪ ಜಾಸ್ತಿ. ಕಡೆಗೆ ಹೊಳಪು, 2 ನಂಬರ್ ದುಂಡು ಬ್ರಷ್‌ನಲ್ಲಿ ಬಹುತೇಕ ಬಿಳಿ, ಒಂದೇ ಎಳೆತ. ಎರಡನೇ ಸಲ ತಿದ್ದಿದರೆ ಸ್ಯಾಟಿನ್ ಹತ್ತಿಬಟ್ಟೆ ಆಗುತ್ತದೆ. ಟೇಬಲ್ ಲ್ಯಾಂಪ್‌ನಲ್ಲಿ ಬೊಂಬೆಯನ್ನು ನೋಡುತ್ತಾ ಹೊಳಪು ಇಟ್ಟೆ, ಪ್ರಿಂಟ್ ನೋಡಿ ಜಾಗ ಸರಿಪಡಿಸಿಕೊಂಡೆ. ಮಂಡಿಯಿಂದ ಇಳಿಯುವ ಉದ್ದನೆಯ ಹೊಳಪೊಂದು ಈ ಚಿತ್ರದಲ್ಲಿ ನನಗೆ ಅತಿ ಇಷ್ಟವಾದ ಗೆರೆ.

ಮಡಿಲಿನ ಖಾಲಿ ಜಾಗಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿದ್ದೆ. ಕಿತ್ತಾಗ ನೆಲಬಣ್ಣವೂ ಎರಡು ಕಡೆ ಎದ್ದು ಬಂತು. ಕಾಪಾಡಬೇಕಾದ ಒಂದೇ ಜಾಗ ಅದು! ಎತ್ತಿಟ್ಟ ಬಣ್ಣ ಇಲ್ಲ. ಮತ್ತೆ ಕಲಸಿ ತೇಪೆ ಹಾಕಿದೆ. ಪಕ್ಕದಿಂದ ನೋಡಿದರೆ ಗೊತ್ತಾಗುತ್ತದೆ. ಟೇಪ್ ಬೇಡ. ಸುಮ್ನೆ ಬ್ರಷ್ ಹತೋಟಿಯಲ್ಲಿಟ್ಟುಕೊಂಡು ಸುತ್ತ ಬರೆಯಿರಿ.

ಹಂತ 8: ಮುಖ, ಕೈ

ಮುಖ ಅಂದುಕೊಂಡಷ್ಟು ಕಾಡಲಿಲ್ಲ. ಇಲ್ಲಿ ಅದು ಹೆಬ್ಬೆರಳಿನ ಉದ್ದಕ್ಕಿಂತ ಕಡಿಮೆ. ಕೆನ್ನೆಗೆ ಕ್ರಿಮ್ಸನ್ ಲೇಕ್ ಮುಟ್ಟಲಿಲ್ಲ. ರೆನಾಲ್ಡ್ಸ್ ಅಂಥ ಕೆಂಪನ್ನು ನಂಬಿ ಬರೆದ ಮುಖಗಳು ಅವನ ಜೀವಿತಕಾಲದಲ್ಲೇ ಬಿಳಿಚಿಕೊಂಡವು. ಲೈಟ್ ರೆಡ್, ಓಕರ್, ಬಿಳಿ ಸಾಕು.

ಕೈ ಕಷ್ಟ. ಆಗಿನ ಮಾರುಕಟ್ಟೆಯಲ್ಲೂ ಕೈ ಕಂಡರೆ ಬೆಲೆ ಏರುತ್ತಿತ್ತು. 1782ರಿಂದ ರೆನಾಲ್ಡ್ಸ್ ದರ: ತಲೆ ಭುಜ ಮಾತ್ರ ಇರುವ 30×25 ಇಂಚಿಗೆ 50 ಗಿನಿ, ಕೈಗಳೂ ಬರುವ 50×40 ಇಂಚಿಗೆ 100, ಇಡೀ ಆಳಿಗೆ 200. ಒಂದು ಗಿನಿ ಅಂದರೆ 21 ಷಿಲಿಂಗ್. ನಡುವೆ 36×28 ಇಂಚಿನ ಕಿಟ್-ಕ್ಯಾಟ್ ಅಂತ ಒಂದು ಅಳತೆ. ಗಾಡ್ಫ್ರೆ ನೆಲ್ಲರ್ ಅನ್ನುವ ಚಿತ್ರಕಾರ ಆ ಹೆಸರಿನ ಕ್ಲಬ್ಬಿನ ಸದಸ್ಯರನ್ನು ಬರೆದ ಅಳತೆ ಅದು, ಒಂದು ಕೈಗೆ ಜಾಗ ಇರುತ್ತದೆ. ನನ್ನ ಫ್ರಾನ್ಸಿಸ್‌ಳ ಕೈಗಳನ್ನು ಎಷ್ಟು ಸಲ ಒರೆಸಿದೆನೋ ಲೆಕ್ಕವಿಲ್ಲ. ಈಗಲೂ ಬಲಗೈ ಬೆರಳು ದಪ್ಪ.

ಹಂತ 9: ಮರ, ಬೆಂಚು

ಓಕ್ ಮರದ ಕಾಂಡ, ಹಸಿರು ಬೆಂಚು ಬೇಗ ಮುಗಿದವು. ಬೆಂಚಿನ ಸುರುಳಿಗಳನ್ನು ಹಸಿ ಬಣ್ಣದ ಮೇಲೇ ತಿಳಿ ಬಣ್ಣದಿಂದ ಎಳೆದೆ.

ಖರ್ಚು, ರೂಪಾಯಿಗಳಲ್ಲಿ

ಕ್ಯಾನ್ವಾಸ್ 700. ಎರಡು ಪ್ರಿಂಟ್ 470. ಮ್ಯಾನಿಕಿನ್ 550. ತಂತಿ 200, ಬೆತ್ತ 60, ಬ್ಯಾಂಡೇಜ್ ಹತ್ತಿ 110. ರಾ ಸಿಲ್ಕ್ 320, ಸ್ಯಾಟಿನ್ 180, ಟೈಲರ್‌ಗೆ 150. ಬಣ್ಣ, ಎಣ್ಣೆ, ಟರ್ಪೆಂಟೈನ್ ಸೇರಿ 1,850. ಒಟ್ಟು 4,590. ಇದರಲ್ಲಿ ಫ್ಲೆಕ್ಸ್, ಮ್ಯಾನಿಕಿನ್, ರಾ ಸಿಲ್ಕ್, ಅದರ ಹೊಲಿಗೆ ಸೇರಿ 1,140 ನೀರಿಗೆ ಹೋಯಿತು ಅನ್ನಬಹುದು.

ಬಾಕಿ

ರಾಬರ್ಟ್‌ಗೆ ನಿಲ್ಲುವ ಬೊಂಬೆ ಬೇಕು. ತಂತಿಯ ಕಾಲು ಅಡ್ಡ ಹಾಕಿದರೆ ನಿಲ್ಲುತ್ತಿಲ್ಲ. ಹಿಮ್ಮಡಿಯಿಂದ ಪ್ಲೈವುಡ್‌ಗೆ ಒಂದು ಇಂಚಿನ ಮೊಳೆ ಹೊಡೆದು ನೋಡಬೇಕು. ಕೋಟು ಹೊಲಿಯಲು ಟೈಲರ್ 400 ಕೇಳಿದ್ದಾರೆ. ಅಷ್ಟು ಸಣ್ಣ ತೋಳು ಮೆಷಿನ್ನಿಗೆ ಸಿಗುವುದಿಲ್ಲ, ಕೈಹೊಲಿಗೆ ಆಗಬೇಕಂತೆ. ವಾರ್ನಿಷ್‌ಗೆ ಬಣ್ಣ ಪೂರ್ತಿ ಒಣಗಬೇಕು, ಇನ್ನೂ ಆರು ತಿಂಗಳು.